ಸದ್ದಿಲ್ಲದ ನಾಲ್ಕು ಗಾಲಿ

ನಮ್ಮ ಜೀಪು ಹೊಲ ಮುಟ್ಟುವ ಮೊದಲು ಅದರ ಸದ್ದು ಮುಟ್ಟುತ್ತಿತ್ತು. ಸಂಗೊಳ್ಳಿ ಕಡೆ ಇರುವ ನಮ್ಮ ಹೊಲದಲ್ಲಿ ಕಳೆ ತೆಗೆಯಲು ಬಂದ ಹೆಂಗಸರು ಮರದ ನೆರಳಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರೆ, ಆ ಸದ್ದು ಕೇಳಿ, ಬಾಯಲ್ಲಿದ್ದುದನ್ನು ಉಗುಳಿ, ಸಾಲು ಹಿಡಿದು ಬಾಗಿ ನಿಲ್ಲುವಷ್ಟು ಪುರುಸೊತ್ತು ಅವರಿಗೆ ಸಿಗುತ್ತಿತ್ತು. ಅದು ಎಂಜಿನ್ನಿನ ಸದ್ದಲ್ಲ, ಟೈರಿನದು. ದಪ್ಪ ದಪ್ಪ ರಬ್ಬರ್ ಗಟ್ಟಿಗಳು, ಅವುಗಳ ನಡುವೆ ಎರಡು ಬೆರಳು ತೂರುವಷ್ಟು ಸಂದು. ನಮ್ಮ ಕಡೆ ಅದಕ್ಕೆ ಬಟನ್ ಟೈರು ಎನ್ನುತ್ತಾರೆ. ಕೆಸರಿಗೆಂದು ಮಾಡಿದ್ದು. ಡಾಂಬರಿನ ಮೇಲೆ ಮಾತ್ರ ಅದು ಗುಂಯ್ ಎಂದು ಒಂದೇ ರಾಗ ಹಿಡಿಯುತ್ತಿತ್ತು, ವೇಗ ಹೆಚ್ಚಿದಂತೆ ರಾಗವೂ ಏರುತ್ತಿತ್ತು.

ನಾನು ಕಿತ್ತೂರಿನ ಹತ್ತಿರದ ದೇಗಾಂವದವಳು. ತವರಿನಲ್ಲಿ ಹಳೆಯದೊಂದು ಜೀಪಿತ್ತು. ಸೀರೆ ಉಡುವುದನ್ನು ಕಲಿಯುವ ಮೊದಲು ಅದನ್ನು ಓಡಿಸಲು ಕಲಿತೆ. ತೊಂಬತ್ತರ ದಶಕದ ಆರಂಭದಲ್ಲಿ ಬೈಲಹೊಂಗಲದವರು ಹೆಣ್ಣು ನೋಡಲು ಬಂದಾಗ, ಉಳಿದವರೆಲ್ಲ ಹಾಡು, ಹಸೆ, ಅಡುಗೆ ಎಂದು ವಿಚಾರಿಸುತ್ತಿದ್ದರೆ, ಮುಂದೆ ಮಾವನವರಾದ ಹಿರಿಯರು ಒಂದೇ ಮಾತು ಕೇಳಿದರು. “ಗಾಡಿ ಹೊಡೀತಿಯಂತ, ಖರೇನ?” ನಾನು ಹೂಂ ಅಂದೆ. ಅವರು ಅವಲಕ್ಕಿ ತಟ್ಟೆ ಮುಂದಕ್ಕೆಳೆದುಕೊಂಡರು. ಮದುವೆ ಅಲ್ಲಿಗೇ ನಿಶ್ಚಯವಾಯಿತು ಎಂದು ನಾನು ಇಂದಿಗೂ ಹೇಳುತ್ತೇನೆ.

ಅವರ ಆ ಪ್ರಶ್ನೆಗೆ ಕಾರಣವಿತ್ತು. ಅವರ ಒಬ್ಬನೇ ಮಗ, ಎಂದರೆ ನನ್ನ ಗಂಡ, ರಾಮದುರ್ಗದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಅಲ್ಲೇ ಕೋಣೆ ಮಾಡಿಕೊಂಡು ಶನಿವಾರ ಸಂಜೆ ಮನೆಗೆ ಬರುತ್ತಿದ್ದರು. ಪುಸ್ತಕದ ಮನುಷ್ಯ. ಕಡಲೆ ಗಿಡ ಯಾವುದು, ಶೇಂಗಾ ಗಿಡ ಯಾವುದು ಎಂದು ನಾನೇ ತೋರಿಸಿಕೊಡಬೇಕಾಯಿತು. ಹೊಲವನ್ನು ನೋಡಿಕೊಳ್ಳಲು ಮಾವನವರು ಮಗನ ಬದಲು ಸೊಸೆಯನ್ನು ಆರಿಸಿಕೊಂಡಿದ್ದರು.

ಒಕ್ಕಲುತನದ ನನ್ನ ಶಾಲೆ ಮನೆಯಿಂದ ಹೊಲಕ್ಕೆ ಹೋಗುವ ರಸ್ತೆಯ ಮೇಲೆಯೇ ನಡೆಯಿತು. ದಿನಾ ಬೆಳಿಗ್ಗೆ ನಾನು ಓಡಿಸುತ್ತಿದ್ದೆ, ಮಾವನವರು ಪಕ್ಕದಲ್ಲಿ ಕೂತು ಹೇಳುತ್ತಿದ್ದರು. ಎರೆ ಮಣ್ಣು ಎಷ್ಟು ಬಿರುಕು ಬಿಟ್ಟರೆ ಕುಂಟೆ ಹೊಡೆದು ಹರಗಬೇಕು, ಯಾವ ತುಂಡಿನಲ್ಲಿ ನೀರು ನಿಲ್ಲುತ್ತದೆ, ಯಾವ ಬದುವಿನ ವಿಷಯದಲ್ಲಿ ಪಕ್ಕದವರ ಜೊತೆ ಅಜ್ಜನ ಕಾಲದಲ್ಲಿ ಏನು ಮಾತಾಗಿತ್ತು. ಅವರು ಏನನ್ನೂ ಬರೆದಿಟ್ಟವರಲ್ಲ. ಎಲ್ಲ ಬಾಯಲ್ಲೇ ಇತ್ತು. ಮನೆಯಲ್ಲಿ ಬರುವವರು ಹೋಗುವವರ ಗದ್ದಲ, ಹೊಲದಲ್ಲಿ ಕೆಲಸ. ಮಾತಿಗೆ ಸಿಗುತ್ತಿದ್ದದ್ದು ಜೀಪು ಮಾತ್ರ.

ಆಮೇಲೆ ಅವರ ಕಿವಿ ಮಂದವಾಗತೊಡಗಿತು. ಒಂದನ್ನು ಕೇಳಿದರೆ ಮತ್ತೊಂದಕ್ಕೆ ಉತ್ತರ ಬರುತ್ತಿತ್ತು, ಆಮೇಲಾಮೇಲೆ ಉತ್ತರವೇ ನಿಂತಿತು. ಬೆಳಗಾವಿಗೆ ಕರೆದುಕೊಂಡು ಹೋಗಿ ಕಿವಿಯ ಯಂತ್ರ ಹಾಕಿಸಿದೆವು. ಕಿವಿಯ ಹಿಂದೆ ಕೂರುವ, ಗೋಡಂಬಿಯಂಥ ಸಣ್ಣ ಯಂತ್ರ. ಡಾಕ್ಟರು ನನ್ನನ್ನೇ ಕರೆದು ಹೇಳಿದರು: “ದಿನಾ ಹಾಕ್ಕೋಬೇಕ್ರಿ. ಹಾಕ್ಕೊಳ್ಳಲಿಲ್ಲಂದ್ರ ಮುಂದ ಸಪ್ಪಳ ಕೇಳಿದ್ರೂ ಮಾತು ತಿಳಿಯೂದಿಲ್ಲ.”

ಮನೆಯಲ್ಲಿ ಹಾಕಿಕೊಳ್ಳುತ್ತಿದ್ದರು. ಆದರೆ ಜೀಪು ಚಾಲೂ ಮಾಡಿ ನಾನು ರಸ್ತೆಗೆ ತಿರುಗಿಸಿದೆನೋ ಇಲ್ಲವೋ, ಅವರ ಕೈ ಕಿವಿಗೆ ಹೋಗುತ್ತಿತ್ತು. ಯಂತ್ರ ತೆಗೆದು ಅಂಗಿಯ ಜೇಬಿಗೆ ಹಾಕಿ, ಮುಂದೆ ನೋಡುತ್ತ ಕೂತುಬಿಡುತ್ತಿದ್ದರು. ಏಕೆ ಎಂದು ಹೇಳಲಿಲ್ಲ. ಹೇಳಿಕೊಳ್ಳುವ ಸ್ವಭಾವವೇ ಅವರದಲ್ಲ. ನನ್ನ ಮಾತು ಅವರಿಗೆ ಬೇಡವಾಗಿದೆ ಎಂದುಕೊಂಡೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅದು ತವರಿನಿಂದ ತಂದ ಬಳುವಳಿ. ಬೇಕಂತಲೇ ಗಂಟಲು ಹರಿಯುವಂತೆ ಒದರುತ್ತಿದ್ದೆ. “ಮಾವಾರ, ಗೊಬ್ಬರ ಯಾವಾಗ ಹೇರೂದ್ರಿ?” ಸಂತೆ ದಿನ ಪೇಟೆಯಲ್ಲಿ ಜೀಪು ನಿಂತಾಗಲೂ ಒದರಿದ ದನಿ ಇಳಿಯುತ್ತಿರಲಿಲ್ಲ. ಸೊಸೆ ಮಾವನ ಮೇಲೆ ಹಾರಾಡುತ್ತಾಳೆ ಎಂಬ ಮಾತು ಓಣಿಯಲ್ಲೆಲ್ಲ ಓಡಾಡಿ ನನ್ನ ಕಿವಿಗೂ ಬಿತ್ತು. ಊರ ಬಾಯಿಗೆ ಬೀಗ ಎಲ್ಲಿಂದ ತರುವುದು?

ಒಂದು ಭಾನುವಾರ ನನ್ನ ಗಂಡ ಜೀಪು ಓಡಿಸಿದರು, ನಾನು ಪಕ್ಕದಲ್ಲಿ ಕೂತೆ. ಅಂದು ಮಾವನವರು ಮನೆಯಲ್ಲಿದ್ದರು. ಯಂತ್ರದ ಸೆಲ್ಲು ಬದಲಿಸಿ ತರಲು ನನ್ನ ಕೈಗೆ ಕೊಟ್ಟಿದ್ದರು. ಹೊಸ ಸೆಲ್ಲು ಹಾಕಿಸಿ ತಿರುಗಿ ಬರುವಾಗ ಸುಮ್ಮನೆ ನನ್ನ ಕಿವಿಗೆ ಇಟ್ಟು ನೋಡಿದೆ. ಹಿಟ್ಟಿನ ಗಿರಣಿಯೊಳಗೆ ತಲೆ ಇಟ್ಟಂತಾಯಿತು. ಗಂಡ ಏನೋ ಹೇಳುತ್ತಿದ್ದರು, ತುಟಿ ಅಲುಗುವುದು ಕಂಡಿತೇ ಹೊರತು ಒಂದಕ್ಷರ ತಿಳಿಯಲಿಲ್ಲ. ಆ ಗೋಡಂಬಿ ಮಾತನ್ನೂ ದೊಡ್ಡದು ಮಾಡುತ್ತಿತ್ತು, ಟೈರನ್ನೂ ದೊಡ್ಡದು ಮಾಡುತ್ತಿತ್ತು, ಟೈರೇ ಗೆಲ್ಲುತ್ತಿತ್ತು. ಎರಡು ಮೈಲು ತಡೆದುಕೊಳ್ಳಲಾಗದೆ ತೆಗೆದೆ. ಇಷ್ಟು ತಿಂಗಳು ಆ ಮುದುಕರ ಮೇಲೆ ಸಿಟ್ಟಾಗಿದ್ದೆನಲ್ಲ ಎಂದು ನನಗೆ ನನ್ನ ಮೇಲೇ ಅಸಹ್ಯವಾಯಿತು.

ಆ ಕ್ಷಣವೇ ನಿಶ್ಚಯಿಸಿದೆ. ಈ ಟೈರು ಇಳಿಯಬೇಕು. ಕಾರಣವನ್ನು ಮಾವನವರಿಗೆ ಹೇಳಬಾರದು. ಹೇಳಿದರೆ ತಮ್ಮ ಸಲುವಾಗಿ ಏನೂ ಬೇಡ ಎಂದುಬಿಡುತ್ತಾರೆ.

ಬೈಲಹೊಂಗಲದ ಟೈರಿನ ಅಂಗಡಿಗೆ ಹೋದೆ. ಸದ್ದು ಮಾಡದ, ರಸ್ತೆಯ ಟೈರು ಬೇಕು ಎಂದೆ. ಅಂಗಡಿಯವನು ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

“ಅಕ್ಕಾರ, ಇದು ಫೋರ್ ವ್ಹೀಲ್ ಜೀಪ್ರಿ. ಬಟನ್ ಟೈರ್ ಇದ್ರನ ಇದಕ್ಕ ಕಳೆ. ಇದಕ್ಕ ರಸ್ತಾದ ಟೈರ್ ಹಾಕೂದಂದ್ರ ಪೈಲ್ವಾನಗ ಬಳಿ ತೊಡಿಸಿದಂಗ ಆಕ್ಕೈತಿ.”

“ಬಳಿ ತೊಟ್ಟ ಕೈನ ದಿನಾ ಇದನ್ನ ಹೊಡೀತೈತಿ,” ಎಂದೆ. “ನೀವು ಟೈರ್ ತೋರಸ್ರಿ.”

ಅವನು ತೋರಿಸಿದ. ಆದರೆ ಮನೆಯಲ್ಲಿ ಮಾವನವರ ಒಪ್ಪಿಗೆ ಇನ್ನೂ ಆಗಿರಲಿಲ್ಲ. ಆ ಬಟನ್ ಟೈರು ಅವರೇ ಹಾಕಿಸಿದ್ದು. ನಾನು ಬರುವ ಮುಂಚಿನ ಒಂದು ಮಳೆಗಾಲದಲ್ಲಿ ಜೀಪು ಎರೆಯಲ್ಲಿ ಹೂತು, ಪಕ್ಕದ ಹೊಲದವರ ಎತ್ತು ತಂದು ಎಳೆಸಬೇಕಾಗಿತ್ತಂತೆ. ರಾತ್ರಿ ಊಟಕ್ಕೆ ಕೂತಾಗ, ಯಂತ್ರ ಕಿವಿಯಲ್ಲಿದ್ದಾಗ, ನಾನು ಮಾತು ತೆಗೆದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

“ನಾಕೂ ಗಾಲಿ ಎಳಿಯೂ ಗಾಡೀನ ಮಂದಿ ಎತ್ತು ಎಳದ್ವು. ಊರು ನಕ್ಕಿತು. ಟೈರಿನ ಸುದ್ದಿ ಬಿಡು, ಯವ್ವಾ.”

ಬಿಡಲಿಲ್ಲ. ಗಂಡನ ಚೀಲದಿಂದ ಒಂದು ಸೀಮೆಸುಣ್ಣ ತೆಗೆದುಕೊಂಡು ಜೀಪಿನಲ್ಲಿಟ್ಟೆ. ಕೆಸರಿಗೆ ಇಳಿದು, ನಾಲ್ಕೂ ಗಾಲಿ ಎಳೆಯುವಂತೆ ಮಾಡುವ ಸಣ್ಣ ಗೇರು ಹಾಕಿದ ದಿನ ಬಾಗಿಲ ಒಳಗಡೆ ಒಂದು ಗೆರೆ. ಮುಂಗಾರಿನಿಂದ ಯುಗಾದಿಯವರೆಗೆ ಎಳೆದ ಗೆರೆಗಳು ಎರಡು ಕೈಯ ಬೆರಳಷ್ಟೂ ಆಗಲಿಲ್ಲ. ಉಳಿದ ದಿನವೆಲ್ಲ ಡಾಂಬರೇ. ಯುಗಾದಿಯ ಮರುದಿನ ಮಾವನವರಿಗೆ ಆ ಬಾಗಿಲು ತೋರಿಸಿದೆ. ಅವರು ಗೆರೆ ಎಣಿಸಿ ಎತ್ತಿನ ಕಡೆ ತಿರುಗಿದರು. ನಮ್ಮ ಅಂಗಳದಲ್ಲಿ ಅಂದು ಎತ್ತಿಗೆ ನಾಲ ಬಡಿಯುತ್ತಿದ್ದರು.

“ಮಾವಾರ, ಈ ಎತ್ತಿಗೆ ನಾಲ ಬಡಸ್ತೀರಿ. ಹೊಲದಾಗ ಬರೇ ಗಳೆ ಹೊಡಿಯೂ ಎತ್ತಿಗೆ ಬಡಸಂಗಿಲ್ಲ. ಯಾಕ್ರಿ?”

“ಇದು ರಸ್ತಾದ ಮ್ಯಾಲ ಗಾಡಿ ಎಳಿಯೂ ಎತ್ತು. ರಸ್ತಾಕ್ಕ ರಸ್ತಾದ ಕಾಲ ಬೇಕು.”

“ಮತ್ತ ನಮ್ಮ ಜೀಪು ಯಾವ ಎತ್ತ್ರಿ?”

ಅವರು ನಗು ಬಂದದ್ದನ್ನು ಮೀಸೆಯಲ್ಲಿ ಮುಚ್ಚಿಟ್ಟರು. “ಆತು. ಹಿಂದಿನ ಎರಡು ಬದಲ ಮಾಡು. ಮುಂದಿನ ಎರಡು ಹೊಲದ್ದ ಇರಲಿ. ಎತ್ತಿಗೂ ಒಮ್ಮೊಮ್ಮೆ ಎರಡ ಕಾಲಿಗೆ ನಾಲ ಬಡಸ್ತೇವಿ.”

ಸಿಕ್ಕಿದ್ದೇ ಸಾಕು ಎಂದು ಒಪ್ಪಿಕೊಂಡೆ. ಅದು ನನ್ನ ತಪ್ಪು. ಎತ್ತಿನ ಲೆಕ್ಕ ಜೀಪಿಗೆ ಹೊಂದುವುದಿಲ್ಲ ಎಂದು ಜೀಪು ಬಲ್ಲ ನನಗಾದರೂ ಹೊಳೆಯಬೇಕಿತ್ತು. ಹಿಂದೆ ಎರಡು ಹೊಸ ಟೈರು ಕೂತವು. ಸದ್ದು ಅರ್ಧವೂ ಇಳಿಯಲಿಲ್ಲ. ಮುಂದಿನವು ಮಾವನವರ ಕಾಲ ಬುಡದಲ್ಲೇ ಕೂಗುತ್ತಿದ್ದವು. ಯಂತ್ರ ಜೇಬಿನಲ್ಲೇ ಉಳಿಯಿತು.

ಮೊದಲ ದೊಡ್ಡ ಮಳೆಗೆ ಹೊಲದ ದಾರಿ ಕೆಸರಾಯಿತು. ಸಣ್ಣ ಗೇರು ಹಾಕಿ ಹೊರಗೆ ಬಂದು ಡಾಂಬರು ಹತ್ತಿದೆ. ಅದನ್ನು ಬಿಡಿಸಲು ಹೋದರೆ ಗೇರು ಅಲುಗಲೊಲ್ಲದು. ಮುಂದಿನ ಟೈರಿನ ಸುತ್ತಳತೆ ದೊಡ್ಡದು, ಹಿಂದಿನದು ಸಣ್ಣದು. ನಾಲ್ಕನ್ನೂ ಒಂದಕ್ಕೊಂದು ಕಟ್ಟಿ ಓಡು ಎಂದರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಜೀಪು ಒಳಗೊಳಗೇ ಬಿಗಿದುಕೊಂಡು, ಗಾಲಿ ಕಿರ್ ಎಂದು ಉಜ್ಜುತ್ತ, ಜಗ್ಗಿ ಜಗ್ಗಿ ನಡೆಯಿತು. ಹಿಂದಕ್ಕೆ ಓಡಿಸಿದರೆ ಬಿಗಿ ಸಡಿಲವಾಗುತ್ತದೆ ಎಂದು ತವರಿನಲ್ಲಿ ಅಪ್ಪ ಹೇಳಿದ್ದು ನೆನಪಾಯಿತು. ಹಾಗೇ ಮಾಡಿದೆ. ಬೈಲಹೊಂಗಲದ ಬಸ್ಸು ಬಂತು. ಕಿಟಕಿಗಳ ತುಂಬ ಮುಖ. ನಡುರಸ್ತೆಯಲ್ಲಿ ಸೊಸೆ ಹಿಮ್ಮುಖವಾಗಿ ಜೀಪು ಓಡಿಸುತ್ತಿದ್ದಾಳೆ, ಮಾವ ಪಕ್ಕದಲ್ಲಿ ದೇವರಂತೆ ಕೂತಿದ್ದಾರೆ. ಕೊನೆಗೆ ಧಡ್ ಎಂದು ಗೇರು ಬಿಟ್ಟಿತು.

ಮಾವನವರು ಅಂದು ಸಂಜೆ ಅಂಗಳದಲ್ಲಿ ವಿಭೂತಿ ಹಚ್ಚಿಕೊಳ್ಳುತ್ತ, ನನ್ನ ಕಡೆ ನೋಡದೆ ಹೇಳಿದರು. “ಅದು ಎತ್ತಲ್ಲ. ನಾಕೂ ಒಂದ ನಮೂನಿ ಹಾಕಸು. ಕೆಸರಿದ್ದ ದಿನ ರಸ್ತಾದ ಮ್ಯಾಲ ಬಿಟ್ಟು ನಡದ ಹೋಗೂನು.”

ಸೋತೆ ಎಂದು ಒಪ್ಪಿಕೊಳ್ಳಲು ಅವರಿಗೆ ಇಷ್ಟು ಮಾತು ಸಾಕಾಯಿತು. ನಾನಾಗಿದ್ದರೆ ಒಂದು ವಾರ ವಾದ ಮಾಡುತ್ತಿದ್ದೆ.

ಆದರೆ ಹಿಂದಿನ ಗಾಲಿಗೆ ಹಾಕಿಸಿದ್ದ ಎರಡು ಟೈರೂ ನಾನು ಅಂದುಕೊಂಡಷ್ಟು ಮೌನಿಗಳಾಗಿರಲಿಲ್ಲ. ಅಂಗಡಿಯಲ್ಲಿ ಗೋಡೆಗೆ ಆನಿಸಿದ ಟೈರು ಎಲ್ಲವೂ ಸಾಧುವೇ. ಸದ್ದು ತಿಳಿಯಬೇಕಾದರೆ ಅದರ ಮೇಲೆ ಕೂತು ಹೋಗಬೇಕು. ಸವದತ್ತಿಯಿಂದ ದೇವಿಯ ಗುಡ್ಡಕ್ಕೆ, ಸವದತ್ತಿಯಿಂದ ರಾಮದುರ್ಗಕ್ಕೆ ಸೀಟು ತುಂಬಿಸಿಕೊಂಡು ಹೋಗುವ ಬಾಡಿಗೆ ಜೀಪುಗಳು ಸಾಲಾಗಿ ನಿಂತಿರುತ್ತಿದ್ದವು. ಗಂಡನನ್ನು ನೋಡಿಬರುವ ನೆಪ ಹೇಳಿ ನಾನು ಹೊರಡುತ್ತಿದ್ದೆ. ಒಂದೊಂದು ಜೀಪಿನ ಮುಂದೆ ಬಗ್ಗಿ ಟೈರು ನೋಡಿ, ಹಿಂದಿನ ಗಾಲಿಯ ಮೇಲಿನ ಸೀಟೇ ಬೇಕು ಎಂದು ಹಟ ಹಿಡಿದು ಹತ್ತುತ್ತಿದ್ದೆ. ಚಾಲಕರಿಗೆ ನಾನು ಹುಚ್ಚಿಯಂತೆ ಕಂಡಿರಬೇಕು. ಆ ಸೀಟಿಗಾಗಿ ಯಾರೂ ಜಗಳ ಮಾಡುವುದಿಲ್ಲ. ಮಾವನವರಿಗೆ ಹೇಳದೆ ಅವರ ಯಂತ್ರವನ್ನೂ ಎರಡು ಸಲ ಒಯ್ದೆ. ಕಿವಿಗಿಟ್ಟು, ಮೇಲೆ ಸೆರಗು ಹೊದ್ದು ಕೂತೆ. ಸುರೇಬಾನಕ್ಕೆ ಹೊರಟ ಮುದುಕಿಯೊಬ್ಬಳು ಪಕ್ಕದಲ್ಲಿ ಕೂತು ತನ್ನ ಮೊಮ್ಮಗಳ ಬಾಣಂತನದ ಕಥೆ ಹೇಳುತ್ತಿದ್ದಳು. ಯಂತ್ರ ಕಿವಿಯಲ್ಲಿದ್ದರೂ ಅವಳ ಕಥೆ ನನಗೆ ಪೂರಾ ತಿಳಿಯಿತು. ನಾನು ಹುಡುಕುತ್ತಿದ್ದ ಟೈರು ಆ ಜೀಪಿನದೇ.

ಅದು ನಾನು ಹತ್ತಿದ ನಾಲ್ಕನೆಯ ಜೀಪು. ರಾಮದುರ್ಗದಲ್ಲಿ ಇಳಿದು ಮೊಣಕಾಲೂರಿ ಆ ಟೈರು ನೋಡಿದೆ. ಗಟ್ಟಿಗಳು ಸಣ್ಣವು, ಒತ್ತೊತ್ತಾಗಿದ್ದವು, ಎಲ್ಲ ಒಂದೇ ಅಳತೆಯವಲ್ಲ. ಟೈರಿನ ನಟ್ಟನಡುವೆ ಸುತ್ತಲೂ ಎಲ್ಲೂ ಮುರಿಯದ ಒಂದು ಪಟ್ಟಿ. ಅಂಚಿನಲ್ಲಿ ಮಾತ್ರ ಸ್ವಲ್ಪ ಸಂದು, ಮಳೆಯ ನೀರು ಹೊರಗೆ ಹೋಗಲು. ಅದರ ಹೆಸರು, ಅಳತೆ ಬರೆದುಕೊಂಡು ಬಂದು ಬೈಲಹೊಂಗಲದ ಅಂಗಡಿಯವನ ಮುಂದೆ ಚೀಟಿ ಇಟ್ಟೆ. ಸ್ಟೆಪ್ನಿ ಸಹಿತ ಐದೂ ಇದೇ ಬೇಕು, ಬೇರೆ ತೋರಿಸಬೇಡಿ ಎಂದೆ. ಅವನು ಬಳೆಯ ಮಾತು ತೆಗೆಯಲಿಲ್ಲ.

ಟೈರು ಕೂತ ಮರುದಿನ ಬೆಳಿಗ್ಗೆ ಎಂದಿನಂತೆ ಹೊರಟೆವು. ಓಣಿ ದಾಟಿ ರಸ್ತೆಗೆ ತಿರುಗಿದೆ. ಮಾವನವರ ಕೈ ರೂಢಿಯಂತೆ ಕಿವಿಗೆ ಹೋಯಿತು. ನಾನು ಮುಂದೆ ನೋಡುತ್ತಿದ್ದೆ, ಆದರೆ ನನ್ನ ಜೀವವೆಲ್ಲ ಆ ಕೈಯಲ್ಲಿತ್ತು. ಸ್ವಲ್ಪ ಹೊತ್ತು ಅಲ್ಲೇ ಇದ್ದ ಕೈ ಕೆಳಗಿಳಿದು ತೊಡೆಯ ಮೇಲೆ ಕೂತಿತು. ಜೇಬಿಗೆ ಏನೂ ಹೋಗಲಿಲ್ಲ.

ಖುಷಿಗೋ ಚಟಕ್ಕೋ, ನಾನು ಎಂದಿನ ದನಿಯಲ್ಲೇ ಒದರಿದೆ. “ಮಾವಾರ, ಇವತ್ತ ಮೆಣಸಿನ ಗಿಡಕ್ಕ ನೀರ ಬಿಡೂದೈತಿ!”

“ಒದರಬ್ಯಾಡ, ಯವ್ವಾ,” ಎಂದರು. “ಕೇಳಸ್ತೈತಿ.”

ಎರಡೂ ಬದಿ ಜೋಳದ ಹೊಲ ಹಿಂದೆ ಸರಿಯುತ್ತಿತ್ತು. ಅವರೇ ಮತ್ತೆ ಮಾತಾಡಿದರು, ಮೆಲ್ಲಗೆ.

“ಇಷ್ಟು ದಿನ ನೀ ಸಿಟ್ಟಿಲೇನ ಮಾತಾಡ್ತಿ ಅಂತ ತಿಳಕೊಂಡಿದ್ದೆ. ನನ್ನ ಮಗನ ಕೆಲಸ ತಂದು ನಿನ್ನ ತಲಿಗೆ ಕಟ್ಟಿದೆ, ಅದಕ್ಕ ಒದರತಾಳ, ಹೊಲ ಮನಿ ಅಂದ್ರ ಬ್ಯಾಸರಾಗೈತಿ ಅಂತ. ಇನ್ನ ಹೇಳೂದು ಬ್ಯಾಡಂತ ನಾನೂ ಸುಮ್ನಾದೆ.”

ನನಗೆ ರಸ್ತೆ ಕಾಣದಂತಾಯಿತು. ಬೇವಿನ ಮರದ ಕೆಳಗೆ ಜೀಪು ನಿಲ್ಲಿಸಿ ಸೆರಗಿನಿಂದ ಕಣ್ಣೊರೆಸಿಕೊಂಡೆ. ಹೊಲ ಮನಿ ಬ್ಯಾಸರಾಗಿ ಅಲ್ಲರೀ ಮಾವಾರ, ಟೈರಿನ ಸಪ್ಪಳಕ್ಕ ಒದರತಿದ್ದೆ ಎಂದೆ. ಈ ಸಲ ದನಿ ಏರಿಸಲಿಲ್ಲ. ಅಷ್ಟೂ ಅವರಿಗೆ ಕೇಳಿಸಿತು.

“ಮತ್ಯಾಕ ನಿಂದ್ರಿಸಿದಿ?” ಎಂದರು. “ಹೊಡಿ. ಮೂಡಲ ಹೊಲದ ಬದುವಿನ ಸುದ್ದಿ ನಿನಗ ಅರ್ಧಾನ ಹೇಳೇನಿ.”