ಪಾಪಣ್ಣ ಹಾಕಿದ ಉಪ್ಪುನೀರು

ಹೊಳಲ್ಕೆರೆ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಹೆಣ ಕೊಯ್ಯುವ ಕೆಲಸ ಯಲ್ಲದಕೆರೆಯ ಪಾಪಣ್ಣನದು. ಡಾಕ್ಟರು ಮೂಗಿಗೆ ಕರ್ಚೀಫು ಹಿಡಿದು ದೂರದಿಂದ ಹೇಳುವರು. ಕೊಯ್ಯುವವನು, ಹೊಲಿಯುವವನು, ಜಠರ, ಈಲಿಯ ತುಂಡುಗಳನ್ನು ಬಾಟಲಿಗೆ ತುಂಬಿ ವಿಷ ಪರೀಕ್ಷೆಗೆ ಕಳಿಸುವವನು ಇವನೇ. ಜನ ಅವನ ಕೈಯಿಂದ ನೀರೂ ಕುಡಿಯುತ್ತಿರಲಿಲ್ಲ, ಆದರೆ ಸತ್ತಾಗ ಎಲ್ಲರಿಗೂ ಅವನೇ ಬೇಕು!

೧೯೯೪ರಲ್ಲಿ ಅವನ ಮುಂದೆ ಬಂದು ಮಲಗಿದವಳು ಸ್ವಂತ ತಂಗಿ ಜುಂಜಮ್ಮನ ಮಗಳು ಗಂಗಾ. ಗಂಡ ಲಕ್ಷ್ಮೀಕಾಂತ ಪಕ್ಕೆಲುಬು ಮುರಿಯುವಂತೆ ಒದ್ದು, ಬಾಯಿಗೆ ವಿಷ ಹೊಯ್ದಿದ್ದ. ಊರಿಗೆಲ್ಲ ಗೊತ್ತು. ಅವನು ಮಾತ್ರ ಮೆಟ್ಟಿಲಿಂದ ಬಿದ್ದಳು, ವಿಷಗಿಷ ಏನೂ ಇಲ್ಲ ಎಂದು ಸಾಧಿಸಿದ. ಪಾಪಣ್ಣ ತಂಗಿಯ ಕೂಸಿನ ಒಂದು ಚೂರೂ ಕೊಳೆಯಬಾರದೆಂದು, ಯಾವಾಗಲೂ ಹಾಕುವ ಉಪ್ಪುನೀರು ಬಿಟ್ಟು, ಕಪಾಟಿನಲ್ಲಿದ್ದ ಫಾರ್ಮಲಿನ್ ಸುರಿದ. ಅಯ್ಯೋ, ಅದೇ ಎಡವಟ್ಟು! ಅದು ಮಾಂಸವನ್ನೇನೋ ಕಾಯುತ್ತದೆ, ಒಳಗಿನ ವಿಷದ ಗುರುತನ್ನು ಅಳಿಸಿಬಿಡುತ್ತದೆ. ಫಾರ್ಮಲಿನ್‌ನಿಂದ ಮಾದರಿ ಕೆಟ್ಟಿದೆ, ವಿಷ ಪತ್ತೆಯಾಗಿಲ್ಲ ಎಂದು ವರದಿ ಬಂತು. ಲಕ್ಷ್ಮೀಕಾಂತ ಮೀಸೆ ತಿರುವುತ್ತಾ ಕೋರ್ಟಿನಿಂದ ಹೊರಬಂದ. ಕಾರಣ ಏನೆಂದು ಪಾಪಣ್ಣ ತಂಗಿಗೆ ಹೇಳಲಿಲ್ಲ.

ಅಂದಿನಿಂದ ಅವನ ಕೆಲಸದ ರೀತಿಯೇ ಬದಲಾಯಿತು. ಉಪ್ಪು ಇನ್ನು ಕರಗಲಾರೆನೆಂದು ತಳದಲ್ಲಿ ನಿಲ್ಲುವವರೆಗೂ ಕದಡುವನು. ಜೊತೆಗೆ ಬರೀ ಉಪ್ಪುನೀರಿನ ಬಾಟಲಿಯೊಂದನ್ನೂ ಪರೀಕ್ಷೆಗೆ ಕಳಿಸುವನು. ವಿಷ ಉಪ್ಪಿನಲ್ಲೇ ಇತ್ತೆಂದು ಯಾವ ವಕೀಲನೂ ಬಾಯಿ ಬಿಡಕೂಡದು! ಫಾರ್ಮಲಿನ್ ಡಬ್ಬಿಯನ್ನು ಬೇರೆ ಕೋಣೆಗೆ ಹಾಕಿ ಬೀಗ ಜಡಿದ.

೧೯೯೮ರಲ್ಲಿ ಲಕ್ಷ್ಮೀಕಾಂತನ ಎರಡನೇ ಹೆಂಡತಿ ಕೊಟ್ರಮ್ಮ ಹೆಣ ಕೊಯ್ಯುವ ಅದೇ ಕಲ್ಲಿನ ಮೇಲೆ ಬಂದು ಮಲಗಿದಳು. ಅದೇ ಮುರಿದ ಪಕ್ಕೆ, ಅದೇ ನೀಲಿ ತುಟಿ. ಪಾಪಣ್ಣ ಬಾಟಲಿಗಳಿಗೆ ಅರಗಿನ ಮುದ್ರೆ ಒತ್ತುವಾಗ ಲಕ್ಷ್ಮೀಕಾಂತ ಕೊಡಲಿ ಹಿಡಿದು ಒಳನುಗ್ಗಿದ.

“ಲೇ, ಬಾಟ್ಲಿ ಕೆಳಗಿಡಲೇ!”

“ಇಡಾಕಿಲ್ಲ. ಬೇಕಾದ್ರೆ ನನ್ನೇ ಕಡಿ,” ಎಂದ ಪಾಪಣ್ಣ.

ಕಡಿದೇ ಬಿಟ್ಟ. ಎಡಗೈ ಮಣಿಕಟ್ಟಿನಿಂದ ಹಾರಿಹೋಯಿತು. ರಕ್ತ ಗೋಡೆಗೆ ಚಿಮ್ಮಿತು. ಪಾಪಣ್ಣ ಬಾಟಲಿಗಳನ್ನು ಹೊಟ್ಟೆಯಡಿ ಅವುಚಿಕೊಂಡು ಬೋರಲು ಬಿದ್ದ. ಬೆನ್ನಿಗೆ ಇನ್ನೆರಡು ಏಟು. ಅಷ್ಟರಲ್ಲಿ ಪೇದೆ ದಾಸಣ್ಣ ಓಡಿಬಂದು ಆ ಚಂಡಾಲನನ್ನು ಲಾಠಿಯಿಂದ ಬಡಿದು ಕೆಡವಿದ. ಬಾಟಲಿಗಳು ಒಡೆಯಲಿಲ್ಲ.

ಈ ಸಲ ವಿಷ ಸಿಕ್ಕಿತು. ಲಕ್ಷ್ಮೀಕಾಂತನಿಗೆ ಜೀವಾವಧಿ ಆಯಿತು. ತೀರ್ಪಿನ ದಿನ ಜುಂಜಮ್ಮ ಅಣ್ಣನ ಮೊಂಡುಗೈಯನ್ನು ಕಣ್ಣಿಗೊತ್ತಿಕೊಂಡು ಅತ್ತಳು.

“ನೀನು ದ್ಯಾವ್ರು ಕಣಣ್ಣ. ಅವತ್ತು ನನ್ ಗಂಗಾನ ಹೊಟ್ಟ್ಯಾಗೆ ಯಾಕ್ ಸಿಗ್ಲಿಲ್ಲ?”

ಸುಳ್ಳು ಹೇಳಬಹುದಿತ್ತು. ಇಷ್ಟು ವರ್ಷ ನುಂಗಿದ್ದು ಸಾಕಾಗಿತ್ತು.

“ನಾನೇ ಬ್ಯಾರೆ ಔಷಧಿ ಸುರಿದು ಕೆಡಿಸ್ದೆ ಕಣವ್ವ. ಅವತ್ತು ಸರಿಯಾಗಿ ಮಾಡಿದ್ರೆ ಕೊಟ್ರಮ್ಮನೂ ಉಳೀತಿದ್ಲು.”

ಜುಂಜಮ್ಮ ಹಿಡಿದಿದ್ದ ಕೈ ಬಿಟ್ಟಳು. ಕಾಲಿನ ಮೆಟ್ಟು ತೆಗೆದು, ಕೋರ್ಟಿನ ಮುಂದೆಯೇ, ತನ್ನ ರಟ್ಟೆ ಸೋಲುವವರೆಗೂ ಅಣ್ಣನ ಮುಖಕ್ಕೆ ಬಾರಿಸಿದಳು. ಬಿಡಿಸಲು ಬಂದ ದಾಸಣ್ಣನನ್ನು ಪಾಪಣ್ಣನೇ ತಡೆದ.

“ಹೊಡೀಲಿ ಬಿಡ್ರಿ.”