ಮೊದ್ಲು ನಿನ್ ಸಂಬಳ ಹೇಳು

ಒಬ್ಬರಿಗೆ ಕೂಲಿ ಹೆಚ್ಚು, ಇನ್ನೊಬ್ಬರಿಗೆ ಕಮ್ಮಿ ಯಾಕೆ ಅನ್ನೋ ಸರ್ವೆ ನಂದು. ಶಿವನಿ ಊರಿನ ಹತ್ರ ಹೊಲದಲ್ಲಿ ಈರುಳ್ಳಿ ಗರಿ ಕೊಯ್ಯುತ್ತಿದ್ದ ಹೆಂಗಸರನ್ನು ದಿನಗೂಲಿ ಎಷ್ಟು ಅಂತ ಕೇಳಿದೆ. ಎಲ್ಲರ ಕೈಗಳೂ ನಿಂತವು. ಅವರಲ್ಲಿ ಹಿರಿಯಳು ಎದ್ದು ಬಂದು, ನನ್ನ ಬೈಕಿನ ಕೀ ಕಿತ್ತುಕೊಂಡು ಸೆರಗಿಗೆ ಗಂಟು ಹಾಕಿದಳು.

"ಹೋದ್ಸಲನೂ ಒಬ್ಬ ಹಿಂಗೇ ಬರ್ಕಂಡು ಹೋದ. ಆಮೇಲೆ ನಮ್ ಬಿಪಿಎಲ್ ಕಾರ್ಡು ರದ್ದಾಯ್ತು."

ಉಳಿದವರು ಕುಡುಗೋಲು ಹಿಡಿದೇ ಸುತ್ತ ನಿಂತರು. ಕಾರ್ಡಿಗೂ ನನಗೂ ಸಂಬಂಧ ಇಲ್ಲ ಕಣಮ್ಮ ಅಂದೆ. ಯಾರೂ ನಂಬಲಿಲ್ಲ.

"ಹಂಗಾರೆ ಮೊದ್ಲು ನಿನ್ ಸಂಬಳ ಹೇಳಪ್ಪ. ಎಲ್ರೂ ಕೇಳ್ಲಿ."

ಇದ್ದದ್ದರಲ್ಲಿ ಅರ್ಧ ಹೇಳಿದೆ. ನಮ್ಮನೇಲೂ ಅದೇ ಕಾರ್ಡಿದೆ.

ಅವಳು ನನ್ನ ಮುಖವನ್ನೇ ನೋಡಿ, ನಿಧಾನಕ್ಕೆ ಗಂಟು ಬಿಚ್ಚಿದಳು. ಆಮೇಲೆ ಅವರು ಹೇಳಿದ ಕೂಲಿಯನ್ನು ನಾನು ಮರುಮಾತಾಡದೆ ಬರೆದುಕೊಂಡೆ.