ಬಕಾರಿ ಹಾಡಿದ ಏಳು ತಲೆಮಾರು

ಅಮೆರಿಕದ ಲಾಸ್ ಕೊಲಿನಾಸ್‌ನ ನಮ್ಮ ಆಫೀಸಿನೊಳಗೆ ಕಾಲಿಡಬೇಕಾದರೆ ಮೊದಲು ಬಕಾರಿಯವರಿಗೆ ಮನೆಮಂದಿಯ ಸುದ್ದಿ ಒಪ್ಪಿಸಬೇಕಿತ್ತು. ಬಾಗಿಲ ಬಳಿಯ ಸೆಕ್ಯುರಿಟಿ ಡೆಸ್ಕಿನ ಹಿಂದಿನಿಂದ ಆರಡಿಯ ಆ ಮನುಷ್ಯ ಎದ್ದು ನಿಂತು, ಎರಡೂ ಕೈಯಲ್ಲಿ ನನ್ನ ಕೈ ಹಿಡಿದು ಕೇಳುತ್ತಿದ್ದರು: "ಮನೆಯವರೆಲ್ಲ ಎಲ್ಲಿದ್ದಾರೆ?" "ಅಲ್ಲೇ ಇದ್ದಾರೆ" ಎನ್ನಬೇಕು. "ಹೆಂಡತಿ?" "ಅಲ್ಲೇ ಇದ್ದಾಳೆ." "ಮಗಳು?" "ಅಲ್ಲೇ ಇದ್ದಾಳೆ." "ಊರಿನಲ್ಲಿ ಅಣ್ಣ?" ಹಿಂದೆ ಜನ ಬ್ಯಾಡ್ಜ್ ಹಿಡಿದು ಸಾಲುಗಟ್ಟಿದರೂ ಅವರಿಗೆ ಅವಸರವಿಲ್ಲ. ಗ್ಯಾಂಬಿಯಾದ ಮಂಡಿಂಕಾ ಜನ ಹೀಗೆಯೇ ಮಾತಾಡಿಸುವುದಂತೆ. ಒಬ್ಬನನ್ನು ಮಾತ್ರ ವಿಚಾರಿಸಿದರೆ ಅವನ ಮನೆಯವರನ್ನು ಬಾಗಿಲ ಹೊರಗೆ ನಿಲ್ಲಿಸಿದ ಹಾಗೆ ಎಂದು ಅವರೇ ಹೇಳಿದ್ದರು.

ಬಕಾರಿ ಹುಟ್ಟಿನಿಂದ ಜೇಲಿ. ಪಶ್ಚಿಮ ಆಫ್ರಿಕಾದಲ್ಲಿ ಮನೆತನಗಳ ಹೆಸರು, ದೊರೆಗಳ ಯುದ್ಧ, ಊರು ಕಟ್ಟಿದವರ ಕಥೆ ಎಲ್ಲವನ್ನೂ ಬಾಯಲ್ಲೇ ಕಾಪಾಡಿಕೊಂಡು ಬಂದ ಕುಲ ಅದು. ಮಾಲಿ ಸಾಮ್ರಾಜ್ಯದ ಕಾಲದಿಂದ ಅಪ್ಪ ಮಗನಿಗೆ ಹೇಳಿಕೊಡುತ್ತ ಬಂದದ್ದು ಈಗ ಈ ಸೆಕ್ಯುರಿಟಿ ಯೂನಿಫಾರ್ಮಿನೊಳಗೆ ಬಂದು ಕೂತಿತ್ತು. ನನ್ನ ಕೆಲಸವೋ, ಎಂಟನೆಯ ಮಹಡಿಯಲ್ಲಿ ಒಂದು ವಿಮಾ ಕಂಪನಿಯ ದಾಖಲೆಗಳ ಬ್ಯಾಕಪ್ ನೋಡಿಕೊಳ್ಳುವುದು. ಒಂದು ಸರ್ವರ್ ಕೈಕೊಟ್ಟರೆ ಮೂರು ದಿನ ಊಟ ನಿದ್ದೆ ಇಲ್ಲ. ಕೆಳಗೆ ಈ ಮನುಷ್ಯ ಏಳುನೂರು ವರ್ಷವನ್ನು ತಲೆಯಲ್ಲಿಟ್ಟುಕೊಂಡು ಆರಾಮಾಗಿ ಕಾಫಿ ಕುಡಿಯುತ್ತಿದ್ದರು. "ಬರೆದಿಟ್ಟಿಲ್ಲವೇ?" ಎಂದು ಒಮ್ಮೆ ಕೇಳಿದೆ. "ಬರೆದಿಟ್ಟರೆ ಮರೆಯುವುದಕ್ಕೆ ಧೈರ್ಯ ಬಂದುಬಿಡುತ್ತದೆ" ಎಂದರು. ನನಗೆ ಉರಿಯಿತು.

ನಿಜವಾದ ಹೊಟ್ಟೆಕಿಚ್ಚು ಶುರುವಾದದ್ದು ಲಮಿನ್‌ನ ಮಗುವಿನ ನಾಮಕರಣದ ದಿನ. ಲಮಿನ್ ನನ್ನ ಪಕ್ಕದ ಕ್ಯೂಬಿಕಲ್‌ನವನು, ಬಕಾರಿಯವರ ಊರಿನವನೇ, ನನಗಿಂತ ಹತ್ತು ವರ್ಷ ಚಿಕ್ಕವನು. ಎಂಟನೆಯ ದಿನ ಕೂಸಿನ ತಲೆ ಬೋಳಿಸಿ, ಕಿವಿಯಲ್ಲಿ ಹೆಸರು ಹೇಳಿ ಆದ ಮೇಲೆ ಬಕಾರಿ ಕೋರಾ ಹಿಡಿದು ಕೂತರು. ದೊಡ್ಡ ಸೋರೆಬುರುಡೆಗೆ ಚರ್ಮ ಬಿಗಿದು, ಉದ್ದ ಕೋಲು ಸಿಕ್ಕಿಸಿ, ಇಪ್ಪತ್ತೊಂದು ತಂತಿ ಕಟ್ಟಿದ ವಾದ್ಯ. ಎರಡು ಹೆಬ್ಬೆರಳು, ಎರಡು ತೋರುಬೆರಳು, ಅಷ್ಟರಲ್ಲೇ ಎಲ್ಲ. ಕೂಸಿನ ಹೆಸರಿನಿಂದ ಹಿಡಿದು ಲಮಿನ್, ಅವನಪ್ಪ, ಅವನಜ್ಜ, ಕುದುರೆಯೇರಿ ನದಿ ದಾಟಿ ಬಂದ ಮೂಲಪುರುಷನವರೆಗೆ ಹಾಡಿದರು. ಮೀಟಿಂಗಿನಲ್ಲಿ ಬಾಯಿ ಬಿಡದ ಲಮಿನ್ ನೋಡನೋಡುತ್ತ ನೆಟ್ಟಗಾದ. ಎಂಟು ದಿನದ ಕೂಸಿನ ಬೆನ್ನಿಗೆ ಇಷ್ಟು ಜನ. ನಲವತ್ತೆರಡು ವರ್ಷದ ನನಗೆ ಯಾರಿದ್ದಾರೆ? ಅಪ್ಪ ಬಸಪ್ಪ, ಅಜ್ಜ ಶಿವಪ್ಪ. ಅಲ್ಲಿಗೆ ನಮ್ಮ ಹೊಸಮನಿ ವಂಶ ಮುಗಿಯಿತು. ಊಟ ಚೆನ್ನಾಗಿತ್ತು, ನನಗೆ ಇಳಿಯಲಿಲ್ಲ.

ಹಾಗೆಂದು ನಮಗೆ ಹೇಳುವವರೇ ಇರಲಿಲ್ಲವೆಂದಲ್ಲ. ಬಾಗಲಕೋಟೆ ಕಡೆಯ ನಮ್ಮೂರಿಗೆ ಕೆಲವು ವರ್ಷಕ್ಕೊಮ್ಮೆ ಹೆಳವರು ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬಂದು ಮನೆಮನೆಯ ಹಿರೀಕರ ಹೆಸರು ಹೇಳುತ್ತಿದ್ದರು. ಇಂಜಿನಿಯರಿಂಗ್ ಓದುವಾಗ ಒಮ್ಮೆ ಮನೆಯಲ್ಲಿ ನಾನೊಬ್ಬನೇ ಇದ್ದೆ. ಹೆಳವ ಕಟ್ಟೆಯ ಮೇಲೆ ಕೂತು ಬಾಯಿ ತೆರೆಯುವಷ್ಟರಲ್ಲಿ, "ಕಥಿ ಕಟ್ಟಬ್ಯಾಡ, ನಡಿ ಮುಂದಕ" ಎಂದು ಎಬ್ಬಿಸಿ ಕಳಿಸಿದೆ. ಅವನು ಬೈಯಲಿಲ್ಲ, ಎತ್ತಿನ ಹಗ್ಗ ಹಿಡಿದು ಹೋದ. ಇದನ್ನು ಬಕಾರಿಯವರಿಗೆ ನಾನು ಎಂದೂ ಹೇಳಲಿಲ್ಲ.

ಫ್ರಿಸ್ಕೋದಲ್ಲಿ ನಮ್ಮ ಮನೆಯ ಗೃಹಪ್ರವೇಶ ಬಂತು. ಜೇಲಿಯನ್ನು ಹಾಡಲು ಕರೆಯುವಾಗ ಕೋಲಾ ಕಾಯಿ ಕೊಡುವುದು ಅವರ ಪದ್ಧತಿ, ನಮ್ಮಲ್ಲಿ ಎಲೆ ಅಡಿಕೆ ಕೊಟ್ಟ ಹಾಗೆ. ಆಫ್ರಿಕನ್ ಅಂಗಡಿ ಹುಡುಕಿ ತಂದುಕೊಟ್ಟೆ. ಬಕಾರಿ ಎರಡೂ ಕೈಯೊಡ್ಡಿ ತೆಗೆದುಕೊಂಡರು. "ಏಳು ಹೆಸರು ಕೊಡು, ಹೊಸಮನಿ. ನಿನ್ನ ಜನ ನನಗೆ ಗೊತ್ತಿಲ್ಲ, ನಿನ್ನ ಮಾತೇ ನನಗೆ ಆಧಾರ. ನಮ್ಮ ಮನೆಯವರ ಬಾಯಿಂದ ಇದುವರೆಗೆ ಸುಳ್ಳು ಹೆಸರು ಬಂದಿಲ್ಲ."

ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಎದುರಿಗೆ ಲಮಿನ್ ನಿಂತಿದ್ದ. ಅಪ್ಪ ಅಜ್ಜನ ಹಿಂದಕ್ಕೆ ಐದು ಜನರನ್ನು ನಿಂತ ನಿಲುವಿನಲ್ಲೇ ಹುಟ್ಟಿಸಿದೆ. ವೀರಪ್ಪ, ರುದ್ರಪ್ಪ, ಗುರಪ್ಪ, ಸಂಗಪ್ಪ, ಎಲ್ಲರಿಗೂ ಮೂಲ ಹಿರೇಮಲ್ಲ. ರುದ್ರಪ್ಪ ಬರಿಗೈಯಲ್ಲಿ ಹುಲಿ ಕೊಂದ. ಸಂಗಪ್ಪ ಕೆರೆ ಕಟ್ಟಿಸಿದ. ಬಕಾರಿ ಕಣ್ಣು ಮುಚ್ಚಿ ಒಂದೇ ಸಲ ಕೇಳಿಸಿಕೊಂಡರು. ಇನ್ನೊಮ್ಮೆ ಹೇಳು ಎನ್ನಲಿಲ್ಲ.

ಗೃಹಪ್ರವೇಶದ ದಿನ ಪೂಜೆ ಮುಗಿದ ಮೇಲೆ ನೀಲಿ ನಿಲುವಂಗಿ ತೊಟ್ಟು ಬಂದು ಕೂತರು. ಅವರು ಮಂಡಿಂಕಾದಲ್ಲಿ ಹಾಡುತ್ತಿದ್ದರೆ ಲಮಿನ್ ಅಲ್ಲಲ್ಲಿ ಇಂಗ್ಲಿಷಿನಲ್ಲಿ ಅರ್ಥ ಹೇಳುತ್ತಿದ್ದ. "ರುದ್ರಪ್ಪಾ" ಎಂದು ನೀಳವಾಗಿ ಎಳೆದಾಗ ನನ್ನ ಮೈ ಜುಮ್ಮೆಂದಿತು. ಅವನನ್ನು ಹುಟ್ಟಿಸಿದವನು ನಾನೇ ಎನ್ನುವುದೂ ಮರೆತುಹೋಯಿತು. ಹ್ಯೂಸ್ಟನ್ನಿನ ಸೈಪ್ರೆಸ್‌ನಿಂದ ಬಂದಿದ್ದ ನಮ್ಮ ಕನ್ನಡ ಬಳಗದ ಡಾಕ್ಟರ್ ಅಂಕಲ್ ಹತ್ತಿರ ಬಂದು, "ಏನ್ರೀ ಹೊಸಮನಿ, ನಿಮ್ಮ ಮುತ್ತಾತ ಹುಲಿ ಕೊಂದಿದ್ರಾ? ನಮ್ಮ ಕಡೆ ಯಾರೂ ಇಲೀನೂ ಕೊಂದಿಲ್ವಲ್ರೀ!" ಎಂದರು. ಅವರ ಮುಖದ ಮೇಲಿನ ಹೊಟ್ಟೆಕಿಚ್ಚು ಕಂಡು ನನಗೆ ಪಾಯಸ ಕುಡಿದಷ್ಟು ಸುಖವಾಯಿತು. ಹೆಂಡತಿ ಸುಜಾತಾ ಮಾತ್ರ ಅಡುಗೆಮನೆಗೆ ಕರೆದು, "ಇದೆಲ್ಲಾ ಯಾವಾಗ ಆತ್ರಿ? ಮದ್ವಿ ಆಗಿ ಹನ್ನೆರಡು ವರ್ಷ ಆತು, ಒಂದಿನಾನೂ ಹೇಳಿಲ್ಲಲ್ಲ?" ಎಂದಳು. ಎಂಟು ವರ್ಷದ ಮಗಳು ಮೇಘಾ ಬಕಾರಿಯವರ ಮೊಣಕಾಲಿಗೆ ಆತು ಕೂತಿದ್ದಳು. ಸಂಜೆಯ ಹೊತ್ತಿಗೆ ಏಳೂ ಹೆಸರು ಅದೇ ಧಾಟಿಯಲ್ಲಿ ಅವಳ ಬಾಯಲ್ಲಿದ್ದವು. ನಾನು ಎರಡು ವರ್ಷ ಕೂರಿಸಿಕೊಂಡು ಕಲಿಸಿದರೂ ಅ ಆ ಇ ಈ ಮುಗಿಸದವಳು ಅವಳು. ಅದಕ್ಕೂ ಹೊಟ್ಟೆ ಉರಿಯಿತು.

ಮುಂದಿನ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಹೆಳವ ಬಂದ. ಅಂದು ನಾನು ಎಬ್ಬಿಸಿ ಕಳಿಸಿದವನ ಮಗನಂತೆ. ಈ ಸಲ ನಾನೇ ಚಾಪೆ ಹಾಸಿದೆ. ಅಪ್ಪ, ಅಜ್ಜನನ್ನು ದಾಟಿ ಅವನು ಹಿಂದೆ ಹೋದ. ವೀರಪ್ಪನೂ ಇಲ್ಲ, ರುದ್ರಪ್ಪನೂ ಇಲ್ಲ. ಕೆಂಚಪ್ಪ, ಭರಮಪ್ಪ, ಯಲ್ಲಪ್ಪ, ದುರಗಪ್ಪ, ಎಲ್ಲರೂ ಮಂದಿಯ ಹೊಲದಲ್ಲಿ ದುಡಿದವರು. "ಎಲ್ಲಾರಿಗೂ ಮೊದಲು ನೀಲವ್ವರಿ" ಎಂದ. "ಹೊಳಿ ಬಂದು ಊರು ಹ್ವಾತು, ಗಂಡನೂ ಹ್ವಾದ. ಬಗಲಾಗ ಕೂಸು, ತಲಿ ಮ್ಯಾಲ ಬೀಸೋ ಕಲ್ಲು ಹೊತ್ಕೊಂಡು ಈ ಊರಿಗೆ ಬಂದ್ಲು. ಮಂದಿ ಮನ್ಯಾಗ ಬೀಸಿ ಕೂಸು ಬೆಳಿಸಿ ಒಂದು ಹೊಸಾ ಮನಿ ಕಟ್ಟಿದ್ಲು. ನಿಮ್ಮ ಅಡ್ಡಹೆಸರು ಆಕೀದರಿ." ನನಗೆ ನಾಚಿಕೆಯಾಯಿತು, ಅಳುವೂ ಬಂತು. ಐದೂ ಹೆಸರು ಒಂದು ಕಾಗದದ ಮೇಲೆ ಬರೆದುಕೊಂಡೆ.

ವಾಪಸು ಬಂದ ಸೋಮವಾರ ಆ ಕಾಗದ ನನ್ನ ಜೇಬಿನಲ್ಲಿತ್ತು. ಬಕಾರಿ ಎದ್ದು ನಿಂತರು. "ಮನೆಯವರೆಲ್ಲ ಎಲ್ಲಿದ್ದಾರೆ?" "ಅಲ್ಲೇ ಇದ್ದಾರೆ." "ರುದ್ರಪ್ಪನ ಊರು ಹೇಗಿದೆ?" ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಲಮಿನ್ ಬಂದು ಪಕ್ಕದಲ್ಲಿ ನಿಂತ, ಅದೇ ನೆಟ್ಟನೆಯ ಬೆನ್ನು. ಅವನ ಮುಂದೆ ಹುಲಿಯನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. "ಚೆನ್ನಾಗಿದೆ" ಎಂದೆ. ಆಮೇಲೆ ಬಕಾರಿ ತಮ್ಮ ಸುದ್ದಿ ಹೇಳಿದರು. ಮಂಡಿ ನೋವು ಜಾಸ್ತಿಯಾಗಿದೆ, ಈ ಶುಕ್ರವಾರವೇ ಕೊನೆಯ ದಿನ, ಗ್ಯಾಂಬಿಯಾಕ್ಕೆ ವಾಪಸು. "ಮಗನಿಗೆ ಎಲ್ಲ ಒಪ್ಪಿಸಬೇಕು. ನಿನ್ನ ಏಳು ಜನರನ್ನೂ ಕೊಡುತ್ತೇನೆ. ನನ್ನ ಬಾಯಿಗೆ ಬಂದವರು ನಮ್ಮ ಮನೆಯವರೇ." ಇನ್ನೂ ನಾಲ್ಕು ದಿನವಿತ್ತು. ಒಂದು ದಿನ ಲಮಿನ್ ಇದ್ದ, ಒಂದು ದಿನ ಮೀಟಿಂಗ್ ಇತ್ತು, ಉಳಿದೆರಡು ದಿನ ನಾನೇ ಹಿಂಬಾಗಿಲಿನಿಂದ ಹೋದೆ.

ಎರಡು ವರ್ಷದ ಮೇಲೆ ಲಮಿನ್ ನನ್ನ ಕ್ಯೂಬಿಕಲ್‌ಗೆ ಬಂದು, ಬಕಾರಿ ತೀರಿಕೊಂಡರು ಎಂದ. ಕೆಳಗೆ ಡೆಸ್ಕಿನ ಜಾಗದಲ್ಲಿ ಆಗಲೇ ಬ್ಯಾಡ್ಜ್ ತೋರಿಸಿದರೆ ಹಸಿರು ದೀಪ ಹತ್ತುವ ಯಂತ್ರ ಬಂದಿತ್ತು. "ಮಗ ಚೆನ್ನಾಗಿ ಹಾಡುತ್ತಾನಂತೆ. ಹುಲಿ ಕೊಂದ ನಿನ್ನ ಅಜ್ಜನನ್ನೂ ಹಾಡುತ್ತಾನಂತೆ" ಎಂದ. ಅವನ ಮುಖದಲ್ಲಿ ಸಂತೋಷವಿತ್ತು, ಹೊಟ್ಟೆಕಿಚ್ಚು ಎಷ್ಟು ಹುಡುಕಿದರೂ ಕಾಣಲಿಲ್ಲ.

ಅಂದು ಮನೆಗೆ ಬಂದವನೇ ಮೇಘಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಗದ ಬಿಚ್ಚಿದೆ. ನೀಲವ್ವ, ಹೊಳೆ, ಬೀಸುವ ಕಲ್ಲು, ಎಲ್ಲ ಹೇಳಿದೆ. "ಇವರು ಖರೇನ ನಮ್ಮವರು, ಪುಟ್ಟಿ. ಆ ರುದ್ರಪ್ಪ, ಸಂಗಪ್ಪ ಎಲ್ಲಾ ಅಪ್ಪ ಹೇಳಿದ ಸುಳ್ಳು." ಅವಳು ಪೂರ್ತಿ ಕೇಳಿದಳು. ಕಾಗದವನ್ನು ಮೊದಲಿನ ಹಾಗೆಯೇ ಮಡಚಿ ನನ್ನ ಕೈಗೆ ಕೊಟ್ಟು, "ನೋ ಅಪ್ಪಾ. ಬಕಾರಿ ಅಂಕಲ್ ಡಿಡಂಟ್ ಸಿಂಗ್ ಇಟ್ ಲೈಕ್ ದಟ್" ಎಂದಳು.